ಪಟ್ಟಿಯಲ್ಲಿ ಇಲ್ಲದ ಶಾಲೆ

ಪಿಯುಸಿ ರಿಸಲ್ಟ್ ಬಂದ ವಾರದಿಂದ ನಮ್ಮ ಮನೆ ಕಟ್ಟೆಯ ಮೇಲೆ ಬಂದು ಕೂರುವವರು ಹೆಚ್ಚಾಗುತ್ತಾರೆ. ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿ. ಊರವರಿಗೆ ಈಗಲೂ ಸಿಸ್ಟರೇ. "ಮಗಳನ್ನ ನರ್ಸಿಂಗಿಗೆ ಹಚ್ಚಬೇಕಂತ ಮಾಡೇವ್ರಿ, ಯಾವ ಕಾಲೇಜ್ ಚಲೋ ಹೇಳ್ರಿ" ಎಂದು ಕೇಳುತ್ತಾರೆ. ಕೆಲವರು ಕೇಳುವುದಿಲ್ಲ, ದುಡ್ಡು ಕಟ್ಟಿ ಬಂದು ಹೇಳಿ ಹೋಗುತ್ತಾರೆ. ಅಂಥವರು ಬಂದು ಹೋದ ರಾತ್ರಿ ನನಗೆ ನಿದ್ದೆ ಬರುವುದಿಲ್ಲ.

ಈ ಸಲ ಹಿಂದಿನ ಓಣಿಯ ಕಾಕಾ ದುಡ್ಡು ಕಟ್ಟುವ ಮೊದಲೇ ಬಂದರು. ಜೊತೆಗೆ ಮಗಳು. ಆರ್ಟ್ಸ್ ಮುಗಿಸಿದ ಹುಡುಗಿ, ನರ್ಸಿಂಗ್ ಡಿಪ್ಲೊಮಾ ಆದ ಜಿಎನ್‌ಎಂ ಮಾಡಬೇಕೆಂದು ಆಸೆ. ಕೈಯಲ್ಲಿ ನುಣುಪು ಕಾಗದದ ಒಂದು ಪುಸ್ತಿಕೆ. ಮುಖಪುಟದಲ್ಲಿ ಸ್ಟೆತಸ್ಕೋಪ್ ಹಾಕಿಕೊಂಡ ವಿದೇಶಿ ಹುಡುಗಿ, ಕೆಳಗೆ "ಸರ್ಕಾರದಿಂದ ಮಾನ್ಯತೆ ಪಡೆದ ಸಂಸ್ಥೆ", ಅದರ ಕೆಳಗೆ "ಐಎಸ್‌ಒ 9001", ಮತ್ತೂ ಕೆಳಗೆ "ಶೇ 100 ಕೆಲಸದ ಭರವಸೆ". ಶುಕ್ರವಾರದೊಳಗೆ 20 ಸಾವಿರ ಮುಂಗಡ, ಜೊತೆಗೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಟ್ಟರೆ ಸೀಟು ಹಿಡಿದಿಡುತ್ತೇನೆ ಎಂದು ಏಜೆಂಟ್ ಹೇಳಿದ್ದನಂತೆ.

"ಮಾನ್ಯತೆ ಯಾರು ಕೊಟ್ಟಾರ ಕಾಕಾ? ಯಾವ ಕೋರ್ಸಿಗೆ? ಯಾವ ವರ್ಷಕ್ಕೆ?" ಎಂದೆ.

"ಸರ್ಕಾರದವರು ಅಂತ ಬರದಾರಲ್ಲವ್ವಾ, ನೋಡಿಲ್ಲಿ" ಎಂದು ಬೆರಳಿಟ್ಟು ತೋರಿಸಿದರು.

2003ರಲ್ಲಿ ನಮ್ಮಪ್ಪನೂ ಹೀಗೆಯೇ ಬೆರಳಿಟ್ಟು ತೋರಿಸಿದ್ದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ರಾಣೇಬೆನ್ನೂರು ತಾಲ್ಲೂಕಿನ ಹಳ್ಳಿ. ಗೋವಿನಜೋಳ, ಹತ್ತಿ, ಮಳೆ ನಂಬಿದ ನಾಲ್ಕು ಎಕರೆ. ಪಿಯುಸಿ ಮುಗಿದ ಮೇಲೆ ನನಗೆ ನರ್ಸ್ ಆಗುವ ಹಟ. ನಮ್ಮ ಅಜ್ಜಿ ಕೊನೆಯ ಹತ್ತು ದಿನ ಆಸ್ಪತ್ರೆಯಲ್ಲಿದ್ದಾಗ ಒಬ್ಬ ಸಿಸ್ಟರ್ ಅವಳ ಬೆನ್ನು ಒರೆಸಿ, ಪೌಡರ್ ಹಚ್ಚಿ, ಮಗ್ಗಲು ಹೊರಳಿಸುತ್ತಿದ್ದುದನ್ನು ಕಂಡಿದ್ದೆ. ಪಟ್ಟಣದ ಬಸ್ ಸ್ಟ್ಯಾಂಡ್ ಹತ್ತಿರ, ಗೊಬ್ಬರದಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ ನರ್ಸಿಂಗ್ ಶಾಲೆ ಇದೆಯೆಂದು ಯಾರೋ ಹೇಳಿದರು. ವರ್ಷಕ್ಕೆ 18 ಸಾವಿರ. ಅಪ್ಪ ಜೋಡಿ ಹೋರಿಯಲ್ಲಿ ಒಂದನ್ನು ಮಾರಿದ. ಹಾವೇರಿ ಸೀಮೆಯ ರೈತ ಜೋಡಿ ಮುರಿದು ಹೋರಿ ಮಾರುವುದೆಂದರೆ ಏನು ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ.

ಮೂರು ವರ್ಷ ಒಂದು ದಿನ ತಪ್ಪಿಸದೆ ಹೋದೆ. ಬಿಳಿ ಯೂನಿಫಾರ್ಮ್ ಇತ್ತು, ಬೆಲ್ಟ್ ಇತ್ತು. ಮೂವತ್ತು ಜನಕ್ಕೆ ಒಂದು ಬಿಪಿ ಮಷೀನು, ಗೋಡೆಗೆ ಅಸ್ಥಿಪಂಜರದ ಚಾರ್ಟು, ಪಾಠಕ್ಕೆ ಒಬ್ಬರೇ ಮೇಡಂ. ಅವರು ಗೈಡ್ ಓದುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ವಾರ್ಡ್ ಯಾವಾಗ ಎಂದು ಕೇಳಿದರೆ ಕೊನೆಯ ವರ್ಷ ಎನ್ನುತ್ತಿದ್ದರು. ಕೊನೆಯ ವರ್ಷ ಒಂದು ಕ್ಲಿನಿಕ್ಕಿಗೆ ಹದಿನೈದು ದಿನ ಕಳಿಸಿದರು, ಅಲ್ಲಿ ಚೀಟಿ ಬರೆದು ಕೊಟ್ಟೆವು. ಪ್ರಶ್ನೆಪತ್ರಿಕೆ ಶಾಲೆಯವರದೇ, ಪೇಪರ್ ತಿದ್ದಿದ್ದೂ ಅವರೇ. ಹೊರಗಿನವರು ಯಾರೂ ಬಂದು ನಮ್ಮನ್ನು ಒಂದು ಪ್ರಶ್ನೆ ಕೇಳಲಿಲ್ಲ. ಆಗ ಅದು ವಿಚಿತ್ರ ಅನಿಸಲಿಲ್ಲ, ಏಕೆಂದರೆ ಬೇರೆ ಕಡೆ ಹೇಗಿರುತ್ತದೆಂದು ನಮಗೆ ತಿಳಿಯದು. ಸರ್ಟಿಫಿಕೇಟಿನ ಮೇಲ್ಗಡೆ "ಸರ್ಕಾರದಲ್ಲಿ ನೋಂದಾಯಿತ" ಎಂದಿತ್ತು, ಪಕ್ಕದಲ್ಲಿ ಒಂದು ನಂಬರು. ಅದು ಟ್ರಸ್ಟ್ ನೋಂದಣಿಯ ನಂಬರು. ಟ್ರಸ್ಟನ್ನು ಯಾರು ಬೇಕಾದರೂ ನೋಂದಾಯಿಸಬಹುದು, ಅದಕ್ಕೂ ನರ್ಸಿಂಗ್ ಕಲಿಸುವ ಅಧಿಕಾರಕ್ಕೂ ಸಂಬಂಧವಿಲ್ಲ. ಇದು ತಿಳಿಯಲು ನನಗೆ ಇನ್ನೂ ಕಾಲ ಬೇಕಿತ್ತು. ಅಪ್ಪ ಆ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿ ದೇವರ ಮಾಡದಲ್ಲಿಟ್ಟಿದ್ದ.

ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲಸ ಸಿಕ್ಕಿತು. ತಿಂಗಳಿಗೆ 1,800. ನರ್ಸ್ ಆಗಿ ಕೆಲಸ ಮಾಡಲು ಬೇಕಾದ ನರ್ಸಿಂಗ್ ಕೌನ್ಸಿಲ್ ನೋಂದಣಿಯ ನಂಬರ್ ಇದೆಯಾ ಎಂದು ಅಲ್ಲಿ ಕೇಳಲಿಲ್ಲ.

ಅಲ್ಲಿನ ಒಂದು ರಾತ್ರಿಯ ವಿಷಯವನ್ನು ನಾನು ಹೆಚ್ಚು ಜನರ ಮುಂದೆ ಹೇಳಿಲ್ಲ. ಚೊಚ್ಚಲ ಹೆರಿಗೆ, ಸಲೀಸಾಗಿ ಆಯಿತು. ಮಾಸು ಬಿತ್ತು. ಡಾಕ್ಟರು ಮೇಲಿನ ಮನೆಗೆ ಹೋದರು. ಹಿರಿಯ ಸಿಸ್ಟರ್ ಕೂಸನ್ನು ಒರೆಸಿ ಅಜ್ಜಿಯ ಕೈಗೆ ಕೊಡಲು ಹೊರಗೆ ಹೋದರು. "ಬಾಣಂತಿನ್ನ ನೋಡ್ಕೋ" ಎಂದು ನನಗೆ ಹೇಳಿದರು. ನಾನು ನೋಡಿಕೊಂಡೆ. ಪ್ಯಾಡ್ ತೊಯ್ದಿತ್ತು, ಬದಲಿಸಿದೆ. ಅದೂ ತೊಯ್ದಿತು, ಇನ್ನೊಂದು ಇಟ್ಟೆ. ಹೆರಿಗೆಯಾದ ಮೇಲೆ ರಕ್ತ ಹೋಗುವುದು ಸಹಜ ಎಂದು ಬರೆದುಕೊಂಡಿದ್ದ ಸಾಲು ನೆನಪಿತ್ತು. ಬಿಪಿ ನೋಡಿದೆ, ಸರಿ ಇತ್ತು, ಚೀಟಿಯಲ್ಲಿ ಬರೆದೆ. ಅಕ್ಷರ ದುಂಡಗೆ ಬರಲಿ ಎಂದು ನಿಧಾನವಾಗಿ ಬರೆದದ್ದೂ ನೆನಪಿದೆ. ಬಹಳಷ್ಟು ರಕ್ತ ಹೋಗುವವರೆಗೂ ಬಿಪಿ ಇಳಿಯದೇ ಇರಬಹುದು, ಅದಕ್ಕೂ ಮೊದಲೇ ನಾಡಿ ಓಡಲು ಶುರುವಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಆ ತಾಯಿ "ಅಕ್ಕಾ, ಥಂಡಿ ಆಗಾಕತ್ತೇತಿ" ಎಂದಳು. ನಾನು ಚಾದರ ಹೊದಿಸಿದೆ.

ಹಿರಿಯ ಸಿಸ್ಟರ್ ಒಳಗೆ ಬಂದವರೇ ಚಾದರ ಕಿತ್ತು ಹೊಟ್ಟೆಯ ಮೇಲೆ ಕೈಯಿಟ್ಟರು. ನನ್ನ ಕೈಯನ್ನೂ ಎಳೆದು ಅಲ್ಲಿಟ್ಟರು. ಗರ್ಭಕೋಶ ಕಲಸಿದ ಹಿಟ್ಟಿನಂತೆ ಮೆತ್ತಗಿತ್ತು. "ಉಜ್ಜು! ಬಿಡಬ್ಯಾಡ, ಗಟ್ಟಿ ಆಗೋ ತನಕ ಉಜ್ಜು!" ಎಂದು ಕೂಗಿ ಡಾಕ್ಟರನ್ನು ಕರೆಯಲು ಓಡಿದರು. ಇಂಜೆಕ್ಷನ್ ಕೊಟ್ಟರು, ಡ್ರಿಪ್ ಹಚ್ಚಿದರು. ಎಷ್ಟೋ ಹೊತ್ತಿನ ಮೇಲೆ ನನ್ನ ಅಂಗೈ ಕೆಳಗೆ ಅದು ಕ್ರಿಕೆಟ್ ಚೆಂಡಿನಂತೆ ಗಟ್ಟಿಯಾಯಿತು. ತಾಯಿ ಉಳಿದಳು. ಬೆಳಿಗ್ಗೆ ಸಿಸ್ಟರ್ ಬೈಯಲಿಲ್ಲ. ಚಹಾ ಕೊಟ್ಟು, "ನಿನಗ ಇದನ್ನ ಯಾರೂ ಕಲಿಸಿಲ್ಲೇನ?" ಎಂದರು. ಮಿಡ್‌ವೈಫರಿಯಲ್ಲಿ ನನಗೆ ನೂರಕ್ಕೆ 71 ಅಂಕ ಬಂದಿತ್ತು.

ಮಾನ್ಯತೆ ಎಂದರೆ ಸರ್ಕಾರಿ ಕಾಗದದ ಕಿರಿಕಿರಿ, ಕಲಿಯುವವರು ಎಲ್ಲಿದ್ದರೂ ಕಲಿಯುತ್ತಾರೆ ಎನ್ನುವವರನ್ನು ಇವತ್ತಿಗೂ ಕಾಣುತ್ತೇನೆ. ಅವರ ಮಾತು ನನಗೆ ತಡೆಯಲಾಗುವುದಿಲ್ಲ. ನಾನು ಕಲಿಯಲು ಒಲ್ಲೆ ಎನ್ನಲಿಲ್ಲ. ಆ ಎರಡನೇ ಮಹಡಿಯಲ್ಲಿ ಕಲಿಯಲು ಏನೂ ಇರಲಿಲ್ಲ. ಅಲ್ಲಿ ಏನಿಲ್ಲ ಎಂದು ಬಂದು ನೋಡುವ ಅಧಿಕಾರವಿದ್ದವರು ಯಾರೂ ಆ ಮೆಟ್ಟಿಲು ಹತ್ತಿರಲಿಲ್ಲ.

2006ರ ಕೊನೆಗೆ ಸರ್ಕಾರದ ಗ್ರಾಮೀಣ ಆರೋಗ್ಯ ಯೋಜನೆಯಾದ ಎನ್‌ಆರ್‌ಎಚ್‌ಎಂನಲ್ಲಿ ಗುತ್ತಿಗೆ ಮೇಲೆ ಸ್ಟಾಫ್ ನರ್ಸ್ ಬೇಕೆಂದು ಕರೆದರು. ಅರ್ಜಿಯಲ್ಲಿ "ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ" ಎಂಬ ಕಾಲಂ. ನಾನು ಸರ್ಟಿಫಿಕೇಟಿನ ನಂಬರ್ ತುಂಬಿದೆ. ದಾಖಲೆ ನೋಡುವವರು ಅದು ಇದಲ್ಲ, ಬೆಂಗಳೂರಿಗೆ ಹೋಗಿ ಮಾಡಿಸಿಕೊಂಡು ಬಾ ಎಂದರು. ಅಪ್ಪ ಮತ್ತು ನಾನು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನ ಜನರಲ್ ಡಬ್ಬಿ ಹತ್ತಿದೆವು.

ಕೌನ್ಸಿಲ್ ಕಚೇರಿಯಲ್ಲಿ ಕನ್ನಡಕದ ಗುಮಾಸ್ತರೊಬ್ಬರು ಪಟ್ಟಿ ತೆಗೆದರು. ಒಮ್ಮೆ ನೋಡಿದರು. ಸ್ಕೇಲ್ ಇಟ್ಟು ಸಾಲು ಸಾಲಾಗಿ ಇನ್ನೊಮ್ಮೆ ನೋಡಿದರು. ಜಿಲ್ಲೆ ಯಾವುದು ಎಂದು ಕೇಳಿ ಮೂರನೇ ಸಲ ನೋಡಿದರು. "ಈ ಶಾಲೆ ನಮ್ಮ ಪಟ್ಟಿಯಲ್ಲೇ ಇಲ್ಲಮ್ಮ" ಎಂದರು. ಅಪ್ಪ ಲ್ಯಾಮಿನೇಷನ್ ಮಾಡಿದ ಸರ್ಟಿಫಿಕೇಟನ್ನು ಕೌಂಟರಿನ ಮೇಲೆ ಇನ್ನಷ್ಟು ಮುಂದಕ್ಕೆ ಸರಿಸಿ, "ಮೂರು ವರ್ಷ ಓದ್ಯಾಳ್ರಿ ಸಾಹೇಬ್ರ. ದಿನಾ ಹೋಗ್ಯಾಳ" ಎಂದ. ಗುಮಾಸ್ತರು ಎದ್ದು ತಮ್ಮ ಕುರ್ಚಿಯನ್ನೇ ತಂದು ಅಪ್ಪನಿಗೆ ಕೊಟ್ಟರು. ಓದಿದ ಮೂರು ವರ್ಷವನ್ನು ಬೇರೆ ಕಡೆ ಸೇರಿಸಿಕೊಳ್ಳಲು ಬರುವುದಿಲ್ಲ, ಮೊದಲನೇ ವರ್ಷದಿಂದಲೇ ಶುರು ಮಾಡಬೇಕು ಎಂದು ಸಮಾಧಾನದಿಂದ ವಿವರಿಸಿದರು.

ವಾಪಸ್ ಬರುವಾಗ ಅಪ್ಪ ಮಾತಾಡಲಿಲ್ಲ. ನಸುಕಿನಲ್ಲಿ ರೈಲು ಹರಿಹರ ಬಿಟ್ಟು ತುಂಗಭದ್ರೆಯ ಸೇತುವೆ ಮೇಲೆ ಸಾಗುವಾಗ, ಇಳಿಯಲು ಗಂಟು ಎತ್ತಿಕೊಳ್ಳುತ್ತ, "ಮತ್ತ ಓದ್ತೀಯೇನ?" ಎಂದ. ಅಷ್ಟೇ.

2007ರಲ್ಲಿ ಆಸ್ಪತ್ರೆಗೆ ಹೊಂದಿಕೊಂಡ ಒಂದು ಮಾನ್ಯ ಶಾಲೆಯಲ್ಲಿ ಮತ್ತೆ ಮೊದಲನೇ ವರ್ಷಕ್ಕೆ ಸೇರಿದೆ. ಆಗ ಜಿಎನ್‌ಎಂ ಮೂರೂವರೆ ವರ್ಷ, ಈಗ ಮೂರು. ಉಳಿದಿದ್ದ ಹೋರಿಯೂ ಹೋಯಿತು. ತಂಗಿಯ ಮದುವೆ ಎರಡು ವರ್ಷ ಮುಂದಕ್ಕೆ ಹೋಯಿತು, ಅದನ್ನು ಅವಳು ಒಮ್ಮೆಯೂ ಎತ್ತಿ ಆಡಲಿಲ್ಲ.

ವ್ಯತ್ಯಾಸ ಮೊದಲ ವಾರವೇ ಕಂಡಿತು. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳ ಲೆಕ್ಕದಲ್ಲಿ ಹಾಸಿಗೆ ಇರಬೇಕು, ಸ್ವಂತದ್ದೇ ನೂರು ಹಾಸಿಗೆಯ ಆಸ್ಪತ್ರೆ ಇರಬೇಕು, ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕಿ ಇರಬೇಕು ಎಂದೆಲ್ಲ ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳುತ್ತದೆ. ಕಾಗದದ ಮೇಲೆ ಇವು ಒಣ ಅಂಕಿ. ವಾರ್ಡಿನಲ್ಲಿ ಅದರ ಅರ್ಥ ಬೇರೆ. ನಾನು ಮೊದಲ ಸಲ ಮೂಗಿನ ನಳಿಗೆ ಹಾಕುವಾಗ ನನ್ನ ಮೊಣಕೈ ಹಿಡಿದು ನಿಲ್ಲಲು ಒಬ್ಬರು ಇರುತ್ತಾರೆ, ನನ್ನ ಹಿಂದೆ ಇಪ್ಪತ್ತು ಜನ ಕತ್ತು ಚಾಚಿ ನಿಂತಿರುವುದಿಲ್ಲ.

ಕೇಸ್ ಬುಕ್ ಎಂದರೆ ಏನೆಂದು ಅಲ್ಲಿ ಗೊತ್ತಾಯಿತು. ನಾವು ಓದುವಾಗ ಇಪ್ಪತ್ತು ಹೆರಿಗೆಯನ್ನು ಮೇಲ್ವಿಚಾರಣೆಯಲ್ಲಿ ನಮ್ಮ ಕೈಯಾರೆ ಮಾಡಿಸಿರಬೇಕಿತ್ತು. ಪ್ರತಿಯೊಂದಕ್ಕೂ ಒಂದು ಹಾಳೆ. ಒಳರೋಗಿ ಸಂಖ್ಯೆ, ನೋವು ಶುರುವಾದ ಹೊತ್ತು, ಕೂಸು ಹುಟ್ಟಿದ ನಿಮಿಷ, ತೂಕ, ಮಾಸು ಪೂರ್ತಿ ಬಂತೇ, ರಕ್ತ ಎಷ್ಟು ಹೋಯಿತು, ಗರ್ಭಕೋಶ ಗಟ್ಟಿಯಾಯಿತೇ, ಕೆಳಗೆ ಸಿಸ್ಟರ್ ಸಹಿ. ನಮ್ಮ ಟ್ಯೂಟರ್ ಸಹಿ ಮಾಡುವ ಮುನ್ನ ಬಾಣಂತಿಯ ಹೊಟ್ಟೆ ಮುಟ್ಟಿ ನೋಡುತ್ತಿದ್ದರು, ನಮ್ಮ ಮಾತು ನಂಬುತ್ತಿರಲಿಲ್ಲ. ಪರೀಕ್ಷೆಯೂ ಶಾಲೆಯ ಕೈಯಲ್ಲಿರಲಿಲ್ಲ. ಪ್ರಶ್ನೆಪತ್ರಿಕೆ ಪರೀಕ್ಷಾ ಮಂಡಳಿಯಿಂದ ಬರುತ್ತಿತ್ತು, ಪ್ರಾಯೋಗಿಕ ಪರೀಕ್ಷೆಗೆ ನಮ್ಮನ್ನು ಕಂಡೇ ಇರದ ಹೊರಗಿನ ಪರೀಕ್ಷಕರು ಬಂದರು. ಕೈ ತೊಳೆಯುವುದರಲ್ಲಿ ತಪ್ಪು ಹಿಡಿದು ಒಬ್ಬಳನ್ನು ಮತ್ತೆ ತೊಳೆಸಿದರು. ನನಗೆ ಅಳು ಬಂತು, ಸಂತೋಷಕ್ಕೆ. ಯಾರೋ ನೋಡುತ್ತಿದ್ದಾರಲ್ಲ ಎಂದು.

ಕಾಕಾನ ಪುಸ್ತಿಕೆಗೆ ಬರುತ್ತೇನೆ. ಏಜೆಂಟ್ ಹೇಳಿದ ಶುಕ್ರವಾರಕ್ಕೆ ಎರಡು ದಿನ ಇರುವಾಗ ರಜೆ ಹಾಕಿ, ತಂದೆ ಮಗಳ ಜೊತೆ ನಾನೂ ಬಸ್ಸು ಹತ್ತಿದೆ.

ರಿಸೆಪ್ಷನ್ ಚೆಂದವಿತ್ತು, ಎಸಿ ಇತ್ತು. ಈ ವರ್ಷದ ಮಾನ್ಯತೆ ಆದೇಶ ತೋರಿಸಿ ಎಂದೆ. ಗೋಡೆಯ ಮೇಲಿನ ಫ್ರೇಮುಗಳನ್ನು ತೋರಿಸಿದರು. ಒಂದು ಐಎಸ್‌ಒ. ಅದು ಸಂಸ್ಥೆಯ ಆಡಳಿತ ನಡೆಯುವ ಪದ್ಧತಿಗೆ ಕೊಡುವ ಪ್ರಮಾಣಪತ್ರ, ನರ್ಸಿಂಗಿನದಲ್ಲ. ಇನ್ನೊಂದು ಟ್ರಸ್ಟ್ ನೋಂದಣಿ. ಅದನ್ನು ಕಂಡಾಗ ಎದೆ ಝಲ್ಲೆಂದಿತು. ನ್ಯಾಕ್‌ಗೂ ಅರ್ಜಿ ಹಾಕಿದ್ದೇವೆ ಮೇಡಂ ಎಂದರು. ನ್ಯಾಕ್ ಒಳ್ಳೆಯದೇ, ಕಾಲೇಜುಗಳ ಗುಣಮಟ್ಟಕ್ಕೆ ಗ್ರೇಡ್ ಕೊಡುತ್ತದೆ. ಆದರೆ ಎ ಪ್ಲಸ್ ಗ್ರೇಡ್ ಇದ್ದರೂ ಅದರಿಂದ ನರ್ಸ್ ಆಗಿ ನೋಂದಣಿ ಸಿಗುವುದಿಲ್ಲ. ಎನ್‌ಎಬಿಎಚ್ ಆಸ್ಪತ್ರೆಗೆ ಸಿಗುವಂಥದ್ದು, ಅದನ್ನು ಕಾಲೇಜಿನ ಬೋರ್ಡಿನಲ್ಲಿ ಬರೆದುಕೊಂಡವರನ್ನೂ ಕಂಡಿದ್ದೇನೆ. ಹಳ್ಳಿಯಿಂದ ಬಂದ ತಂದೆಗೆ ಎಲ್ಲವೂ ಒಂದೇ ಥರದ ಮುದ್ರೆ.

ಬೇಕಾದದ್ದು ಬೇರೆ. ನಮ್ಮ ರಾಜ್ಯದಲ್ಲಿ ನರ್ಸಿಂಗಿಗೆ ಸರ್ಕಾರದ ಅನುಮತಿ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ, ಬಿ.ಎಸ್ಸಿ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಂಥ ವಿಶ್ವವಿದ್ಯಾಲಯದ ಸಂಯೋಜನೆ, ಜಿಎನ್‌ಎಂ ಆದರೆ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಪರೀಕ್ಷೆ. ಇವು ಕಾಲೇಜಿನ ಹೆಸರಿಗೆ ಒಮ್ಮೆ ಸಿಕ್ಕರೆ ಮುಗಿಯಿತು ಎನ್ನುವಂತಿಲ್ಲ. ಕೋರ್ಸಿಗೆ ಇಷ್ಟು ಸೀಟು ಎಂಬ ಲೆಕ್ಕವಿದೆ, ಯಾವ ವರ್ಷಕ್ಕೆ ಎಂಬುದಿದೆ. ಬಿ.ಎಸ್ಸಿಗೆ ಮಾನ್ಯತೆ ಇರುವ ಕಾಲೇಜು ಅದೇ ಕಟ್ಟಡದಲ್ಲಿ ಮಾನ್ಯತೆ ಇಲ್ಲದ ಇನ್ನೊಂದು ಕೋರ್ಸ್ ನಡೆಸಬಹುದು. 40 ಸೀಟಿಗೆ ಅನುಮತಿ ಪಡೆದು 55 ಜನರನ್ನು ಕೂರಿಸಿದರೆ ಕೊನೆಯ 15 ಮಕ್ಕಳ ಹೆಸರು ಎಲ್ಲಿಯೂ ಏರುವುದಿಲ್ಲ. ಬಿ.ಎಸ್ಸಿ ಸೇರುವವರಿಗೆ ಈಗ ಕೆಇಎ ಸಿಇಟಿ ಮೂಲಕವೂ ಸೀಟು ಹಂಚಿಕೆ ಇರುವುದರಿಂದ ಆ ಪಟ್ಟಿಯಲ್ಲಿ ಕಾಲೇಜು ಇದೆಯೇ ಎಂದು ನೋಡಿಕೊಳ್ಳುವುದು ಸುಲಭ. ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ, ಓಟಿ ಡಿಪ್ಲೊಮಾಗಳಿಗೆ ಪ್ಯಾರಾಮೆಡಿಕಲ್ ಬೋರ್ಡ್ ಇದೆ. ಫಾರ್ಮಸಿಗೆ 1948ರ ಕಾಯ್ದೆಯ ಪ್ರಕಾರ ಫಾರ್ಮಸಿ ಕೌನ್ಸಿಲ್ ಒಪ್ಪಿಗೆ ಇಲ್ಲದೆ ಓದಿದರೆ ಫಾರ್ಮಸಿಸ್ಟ್ ಆಗಿ ಹೆಸರು ನೋಂದಾಯಿಸಲು ಬರುವುದಿಲ್ಲ.

ಪೇರೆಂಟ್ ಹಾಸ್ಪಿಟಲ್, ಅಂದರೆ ಕಾಲೇಜಿನ ಸ್ವಂತದ ಆಸ್ಪತ್ರೆ, ಯಾವುದು ಎಂದು ಕೇಳಿದೆ. ಟೈ-ಅಪ್ ಇದೆ ಎಂದು ಒಂದು ಹೆಸರು ಹೇಳಿದರು. ಆಟೋ ಹಿಡಿದು ಅಲ್ಲಿಗೇ ಹೋದೆವು. ಬೆಳಿಗ್ಗೆ ಹತ್ತೂವರೆ, ವಾರ್ಡಿನಲ್ಲಿ ವಿದ್ಯಾರ್ಥಿಗಳು ತುಂಬಿರಬೇಕಾದ ಹೊತ್ತು. ಹನ್ನೆರಡು ಮಂಚ ಎಣಿಸಿದೆ. ನಾಲ್ವರು ರೋಗಿಗಳು. ಯೂನಿಫಾರ್ಮ್ ಹಾಕಿದ ಒಂದು ಹುಡುಗಿಯೂ ಇಲ್ಲ. ಅಲ್ಲಿದ್ದ ಆಯಾ, "ಯಾವ ಕಾಲೇಜ್ರಿ? ಇಲ್ಲಿ ಯಾರೂ ಕಲಿಯಾಕ ಬರಂಗಿಲ್ಲ" ಎಂದಳು. ಕಾಕಾ ಪುಸ್ತಿಕೆಯನ್ನು ಸುರುಳಿ ಸುತ್ತಿ ಜೇಬಿಗಿಟ್ಟುಕೊಂಡರು.

ಮಾರನೆಯ ವಾರ ಇನ್ನೊಂದು ಕಡೆ ಹೋದೆವು. ಕಟ್ಟಡ ಹಳೆಯದು, ರಿಸೆಪ್ಷನ್ನಿನಲ್ಲಿ ಫ್ಯಾನು ಕಿರುಗುಡುತ್ತಿತ್ತು. ಪ್ರಿನ್ಸಿಪಾಲ್ ಮೇಡಂ ಕೇಳಿದ ಕೂಡಲೇ ಫೈಲ್ ತೆಗೆದು ಈ ವರ್ಷದ ಆದೇಶ, ಕೋರ್ಸ್, 40 ಸೀಟು ತೋರಿಸಿದರು. ನೀವೇ ವಾರ್ಡಿಗೆ ಹೋಗಿ ಬನ್ನಿ ಎಂದರು. ಮಹಿಳೆಯರ ವಾರ್ಡಿನಲ್ಲಿ ಎರಡನೇ ವರ್ಷದ ಹುಡುಗಿಯೊಬ್ಬಳು ಅಜ್ಜಿಯ ಹಾಸಿಗೆಯ ಸುಕ್ಕು ಬಿಡಿಸುತ್ತಿದ್ದಳು. ಹಿಂದಿನ ಬ್ಯಾಚಿನವರ ನೋಂದಣಿ ಆಯಿತೇ ಎಂದು ಅವಳನ್ನೇ ಕೇಳಿದೆ. ತನ್ನ ಸೀನಿಯರ್‌ಗೆ ಅಲ್ಲೇ ಫೋನ್ ಹಚ್ಚಿ ಕೊಟ್ಟಳು. ಆ ಸೀನಿಯರ್ ತನ್ನ ಕೌನ್ಸಿಲ್ ನಂಬರನ್ನು ಉಸಿರು ತೆಗೆಯದೆ ಹೇಳಿದಳು. ನಮಗೆ ಅದು ಬಾಯಿಪಾಠವೇ ಇರುತ್ತದೆ.

ಮುಂದೆ ರಾಜ್ಯದಾಚೆ ಹೋಗುವವರಿಗೆ ಇನ್ನೊಂದು ಮಾತು. 2017ರಲ್ಲಿ ನಮ್ಮ ಕಾಲೇಜುಗಳಿಗೆ ಭಾರತೀಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಬೇಕೋ, ರಾಜ್ಯ ಕೌನ್ಸಿಲಿನದು ಸಾಕೋ ಎಂಬ ತಕರಾರು ಹೈಕೋರ್ಟಿಗೆ ಹೋಗಿತ್ತು. ಇಲ್ಲಿ ಓದುತ್ತಿದ್ದ ಕೇರಳದ ಮಕ್ಕಳು ಊರಲ್ಲಿ ಕೆಲಸ ಸಿಗುತ್ತದೋ ಇಲ್ಲವೋ ಎಂದು ಕಂಗಾಲಾಗಿದ್ದರು. ಕಾಯ್ದೆಯ ಅರ್ಥ ಬಿಡಿಸುವುದು ನನ್ನ ಕೆಲಸವಲ್ಲ. ಭಾರತೀಯ ನರ್ಸಿಂಗ್ ಕೌನ್ಸಿಲಿನ 1947ರ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಹೊಸ ಕಾಯ್ದೆಯೂ ಪಾಸಾಗಿದೆ. ಆದರೆ ಏಮ್ಸ್ ಆಸ್ಪತ್ರೆಗಳ ನರ್ಸ್ ನೇಮಕಾತಿ ಪರೀಕ್ಷೆಯಾದ ನಾರ್ಸೆಟ್ ಬರೆಯಬೇಕೆಂದಿರುವವರು ಅದರ ಪ್ರಕಟಣೆಯಲ್ಲಿ ಅರ್ಹತೆಯ ಸಾಲನ್ನು ಕೋರ್ಸ್ ಸೇರುವ ಮೊದಲೇ ಓದಿಕೊಳ್ಳಬೇಕು. ಗಲ್ಫಿಗೆ ಹೋಗುವವರ ಸರ್ಟಿಫಿಕೇಟನ್ನು ಡೇಟಾಫ್ಲೋ ಎಂಬ ಸಂಸ್ಥೆ ನೇರವಾಗಿ ಕಾಲೇಜಿಗೆ, ಕೌನ್ಸಿಲಿಗೆ ಬರೆದು ಪರಿಶೀಲಿಸುತ್ತದೆ. ನನ್ನ ಜೊತೆ ಓದಿದವಳು ಒಮಾನಿನಲ್ಲಿದ್ದಾಳೆ. ಅವಳಿಗೆ ಒಂದೂ ಅಡ್ಡಿ ಬರಲಿಲ್ಲ, ಏಕೆಂದರೆ ಕೇಳಿದಾಗ ಉತ್ತರ ಕೊಡಲು ಆ ಕಡೆ ಒಂದು ಶಾಲೆ ಇತ್ತು. ನನ್ನ ಮೊದಲಿನ ಶಾಲೆಯ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ.

ದಯವಿಟ್ಟು ಒರಿಜಿನಲ್ ಮಾರ್ಕ್ಸ್ ಕಾರ್ಡನ್ನು ಏಜೆಂಟನ ಕೈಗೆ ಕೊಡಬೇಡಿ. ಕೊಟ್ಟು, ಆಮೇಲೆ ಬಿಟ್ಟು ಬರಲಾಗದೆ, ಗೊತ್ತಿದ್ದೂ ಗೊತ್ತಿದ್ದೂ ಮೂರು ವರ್ಷ ಅಲ್ಲೇ ಕೂತ ಹುಡುಗಿಯರನ್ನು ನಾನು ಬಲ್ಲೆ.

ಕಾಕಾನ ಮಗಳು ಆ ಹಳೆಯ ಕಟ್ಟಡದ ಶಾಲೆಗೇ ಸೇರಿದಳು. ಹಾಸ್ಟೆಲ್ಲಿಗೆ ಹೊರಡುವ ಹಿಂದಿನ ದಿನ ಸಂಜೆ ನಮ್ಮ ಮನೆಗೆ ಬಂದು, ಕೇಸ್ ಬುಕ್ ತೋರಿಸಕ್ಕಾ ಎಂದಳು. ಟ್ರಂಕಿನಿಂದ ತೆಗೆದು ಕೊಟ್ಟೆ. ರಟ್ಟು ಬಿಟ್ಟಿದೆ, ಮೂರನೇ ಹಾಳೆಯ ಮೇಲೆ ಅಯೋಡಿನ್ ಕಲೆ. ಅವಳು ಏಳನೆಯದರಲ್ಲಿ ನಿಂತಳು. ಹೆಣ್ಣು ಕೂಸು, 2.4 ಕೆಜಿ, ನಸುಕಿನ 4.10, ಗರ್ಭಕೋಶ ಗಟ್ಟಿ. ತಾರೀಖಿನ ಮೇಲೆ ಬೆರಳಿಟ್ಟು ಲೆಕ್ಕ ಹಾಕಿದಳು.

"ಅಕ್ಕಾ, ಈ ಕೂಸು ಈಗ ಎಸ್ಸೆಸ್ಸೆಲ್ಸಿ ಮುಗಿಸಿರಬೇಕಲ್ಲ?"

"ಹೌದಲ್ಲ" ಎಂದೆ. ಅವಳು ಎಂಟನೆಯ ಹಾಳೆ ತಿರುವಿದಳು.